ಮೆಷಿನ್ ಆಮೇಲೆ ನೋಡೋಣ, ಮೊದಲು ಆ ರ‍್ಯಾಂಪ್ ಒಡೆಸಿ

ಕೊಪ್ಪಳದ ಅಣ್ಣಾವರೇ, ನೀವು ಕೇಳಿದ್ದು ಬಾಳೆ ನಾರಿನ ಚೀಲ ಹೊಲಿಯೋಕೆ ಯಾವ ಮೆಷಿನ್ ಒಳ್ಳೇದು ಅಂತ. ಗಾಲಿ ಕುರ್ಚಿಯವರು ಇಬ್ಬರು, ಕಣ್ಣು ಕಾಣದ ಒಬ್ಬ ಹೆಣ್ಣುಮಗಳು, ಕಿವಿ ಕೇಳದ ಒಬ್ಬ ಹುಡುಗ ಕೆಲಸಕ್ಕೆ ಬರ್ತಾರೆ ಅಂದಿದ್ದೀರಿ. ಖುಷಿ ಆಯ್ತು. ಆದರೆ ಫೋಟೋದಲ್ಲಿ ಬಾಗಿಲ ಮುಂದಿನ ರ‍್ಯಾಂಪ್ ನೋಡಿ ಎದೆ ಝಲ್ ಎಂದಿತು. ಮೆಟ್ಟಿಲಿಗೆ ಹಲಗೆ ಒರಗಿಸಿದ ಹಾಗಿದೆ. ಮೇಲೆ ಪಾಲಿಶ್ ಗ್ರಾನೈಟ್ ಬೇರೆ!

ಗಂಗಾವತಿಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಒಂದೂವರೆ ಅಡಿ ಕಟ್ಟೆಗೆ ಐದಡಿ ಇಳಿಜಾರು. ಕುಷ್ಟಗಿ ಕಡೆಯ ಗ್ರಾನೈಟ್ ತುಂಡು ಅಗ್ಗಕ್ಕೆ ಸಿಕ್ಕಿತು, ಚಂದ ಕಾಣಲಿ ಅಂತ ಹಾಕಿಸಿದೆ. ಮೊದಲ ಮಳೆಗೇ ನಮ್ಮ ಹೊಲಿಗೆಯ ಅಕ್ಕ ಕುರ್ಚಿ ಸಮೇತ ಹಿಂದಕ್ಕೆ ಜಾರಿ ಚರಂಡಿ ಕಲ್ಲಿಗೆ ಬಡಿದರು. ಮುಂಗೈ ಮುರಿಯಿತು. ನೋಡೋಕೆ ಹೋದರೆ ಬೈಯಲಿಲ್ಲ. "ಹಾಕಿಸೋ ಮುಂದ ನನ್ನ ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ರೀ" ಅಂದರು ಅಷ್ಟೇ.

ಲೆಕ್ಕ ಇದು: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಒಂದೂವರೆಗೆ 18. ಜಾಗ ಇಲ್ಲ ಅನ್ನಬೇಡಿ, ಮಧ್ಯೆ ಐದಡಿ ಚೌಕ ಸಮತಟ್ಟು ಬಿಟ್ಟು ತಿರುಗಿಸಿ. ಕಾಂಕ್ರೀಟಿಗೆ ಮೊದಲು ಗರಸು ಸುರಿದು ಬಡಿಯಿರಿ, ಬರುವವರೇ ಹತ್ತಿಳಿದು ನೋಡಲಿ. ನಾನು ಎರಡನೇ ಸಲ ಹಾಗೇ ಮಾಡಿದೆ, ಅಕ್ಕ ಮೂರು ಸಲ ಮಣ್ಣು ತೆಗೆಸಿದರು. ಸಿಮೆಂಟ್ ಹಸಿ ಇರುವಾಗಲೇ ಪೊರಕೆಯಲ್ಲಿ ಅಡ್ಡಕ್ಕೆ ಗೀರು ಎಳೆಸಿ. ಎರಡೂ ಬದಿ ಅಂಚು ಕಟ್ಟಿಸಿ, ಇಲ್ಲದಿದ್ದರೆ ಗಾಲಿ ಪಕ್ಕಕ್ಕೆ ಇಳಿಯುತ್ತೆ. ಹಿಡಿದುಕೊಳ್ಳೋಕೆ ಕಂಬಿಯೂ ಬೇಕು. ಬಾತ್‌ರೂಮ್ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ತಳ್ಳೋಕಾಗಲ್ಲ.

ಈಗ ಮೆಷಿನ್. ಜೂಕಿ ಕಂಪನಿಯದ್ದೇ ಬೇಕು ಅಂತ ಸಾಯಬೇಡಿ, ಜ್ಯಾಕ್ ಕಂಪನಿಯದ್ದು ಸಾಕು. ಆದರೆ ಸರ್ವೋ ಮೋಟರ್ ಕೇಳಿ ತಗೊಳ್ಳಿ. ಹಳೇ ಕ್ಲಚ್ ಮೋಟರ್ ಹೊಲಿಯದಿದ್ದರೂ ಗುಂಯ್ ಅಂತಿರುತ್ತೆ, ಸ್ಪೀಡೂ ಹಿಡಿತಕ್ಕೆ ಸಿಗಲ್ಲ. ಕಾಲು ಆಡದವರಿಗೆ ಪೆಡಲ್ ಸರಳನ್ನು ಮೊಣಕೈಯಿಂದ ಒತ್ತುವ ಹಾಗೆ ಮೆಕ್ಯಾನಿಕ್ ಮಾಡಿಕೊಡ್ತಾನೆ. ಎಲ್ಲರಿಗೂ ಇದು ಒಗ್ಗಲ್ಲ, ಒಂದು ಮೆಷಿನ್‌ಗೆ ಮಾತ್ರ ಹಾಕಿಸಿ ನೋಡಿ.

ಕಣ್ಣು ಕಾಣದಾಕೆಗೆ "ಪ್ಯಾಕಿಂಗ್ ಕೊಡ್ತೀನಿ" ಅಂದಿದ್ದೀರಲ್ಲ, ಯಾಕೆ? ನಾರಿನ ಜಡೆ ಹೆಣೆಯೋದು ಬೆರಳಿನ ಕೆಲಸ. ಆರಾರು ಇಂಚಿಗೆ ಕಚ್ಚು ಹಾಕಿದ ಒಂದು ಕೋಲು ಕೊಡಿ, ಅಳತೆ ತಪ್ಪಲ್ಲ. ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆ ನಾರು ಹೆಣೆಯೋದನ್ನ ಒಂದು ದಿನ ಆಕೆಯ ಜೊತೆಗೇ ಹೋಗಿ ನೋಡಿ ಬನ್ನಿ. ಕಿವಿ ಕೇಳದ ಹುಡುಗನನ್ನ ಬಾಗಿಲಿಗೆ ಮುಖ ಮಾಡಿ ಕೂರಿಸಿ. ಸೂಜಿ ಓಡುವಾಗ ಹಿಂದಿನಿಂದ ಭುಜ ತಟ್ಟಬೇಡಿ, ಬೆಚ್ಚಿದರೆ ಬೆರಳು ಸೂಜಿ ಕೆಳಗೆ. ಎದುರಿಗೊಂದು ಬಲ್ಬ್ ಹಾಕಿ, ಕರೆಯೋಕೆ ಸ್ವಿಚ್ ಒತ್ತಿ.

"ಕೈಖರ್ಚಿಗೆ ಏನಾದರೂ ಕೊಡೋಣ" ಅಂತ ಬರೆದದ್ದು ಓದಿ ನಿಜಕ್ಕೂ ಸಿಟ್ಟು ಬಂತು. ಕೆಲಸ ತಾನೇ ಮಾಡಿಸ್ಕೊಳ್ಳೋದು? ಉಳಿದವರಿಗೆ ಪೀಸಿಗೆ ಎಷ್ಟೋ ಇವರಿಗೂ ಅಷ್ಟೇ. ಆದರೆ ಕಲಿಯುವ ತಿಂಗಳುಗಳಲ್ಲಿ ಪೀಸ್ ಲೆಕ್ಕ ಬೇಡ, ದಿನಗೂಲಿ ಕೊಡಿ. ಯಾರಿಗಾದರೂ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಆಗಿಲ್ಲದಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರೆ ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ರ ಹೋಗಿ.

ಹಾಂ, ಫೋಟೋದಲ್ಲಿ ನಾರೆಲ್ಲ ನೆಲದ ಮೇಲೇ ಇದೆ. ತೆಗೆದು ಹಗ್ಗಕ್ಕೆ ನೇತುಹಾಕಿ. ಕುರ್ಚಿಯ ಮುಂದಿನ ಸಣ್ಣ ಗಾಲಿಗೆ ಸುತ್ತಿಕೊಂಡರೆ ಕುರ್ಚಿ ಅಲ್ಲೇ ನಿಲ್ಲುತ್ತೆ, ಕಿತ್ತು ಕಿತ್ತು ಸಾಕಾಗುತ್ತೆ. ನಮ್ಮ ಅಕ್ಕ ಕುರ್ಚಿಯ ಕೈಗೇ ಒಂದು ಕತ್ತರಿ ಕಟ್ಟಿಕೊಂಡಿದ್ದಾರೆ.