ಸ್ತನ ಶಸ್ತ್ರಚಿಕಿತ್ಸೆಯ ನಂತರ ಯಾವ ಬ್ರಾ?
ಮೂರು ವಾರವಾದರೂ ಹಳೆಯ ಬ್ರಾ ತೊಟ್ಟೊಡನೆ ಕಂಕುಳ ಕೆಳಗೆ ಉರಿಯುತ್ತದೆ ಎಂದಿದ್ದೀರಿ. ಬಹುಶಃ ಅದರ ತಂತಿ ಮತ್ತು ಬಿಗಿ ಅಂಚು ಗಾಯದ ಗೆರೆಯ ಮೇಲೆಯೇ ಕೂರುತ್ತಿವೆ, ನನಗೂ ಹಾಗೆಯೇ ಆಗಿತ್ತು. ಮೊದಲು ಅದನ್ನು ಬದಿಗಿಡಿ. ಊತವಿರುವಾಗ ಹಳೆಯ ಅಳತೆ ಹೊಂದುವುದಿಲ್ಲವಾದ್ದರಿಂದ ಎದೆಯ ಕೆಳಗಿನ ಸುತ್ತಳತೆಯನ್ನು ಮತ್ತೆ ತೆಗೆದು, ತಂತಿಯಿಲ್ಲದ, ಮುಂದೆ ತೆರೆಯುವ, ಅಗಲ ಪಟ್ಟಿಯ ಮೆತ್ತನೆಯ ಹತ್ತಿಯ ಬ್ರಾ ಆರಿಸಿ. ತೋಳೆತ್ತದೆ ತೊಡಲು ಬರುವುದೇ ಈ ದಿನಗಳ ದೊಡ್ಡ ನೆಮ್ಮದಿ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಬೇಗ ಒಣಗದು, ಮೂರಾದರೂ ಇಟ್ಟುಕೊಳ್ಳಿ. ತೇವದ ಬಟ್ಟೆ ಗಾಯಕ್ಕೆ ತಾಗಬಾರದು. ಊತ ತಗ್ಗಲೆಂದು ಎದೆಯನ್ನು ಒತ್ತಿ ಹಿಡಿಯುವ ಒತ್ತಡದ ಬ್ರಾ (ಕಂಪ್ರೆಷನ್ ಬ್ರಾ) ಬೇಕೇ ಎಂಬುದನ್ನು ನಿಮ್ಮ ಶಸ್ತ್ರವೈದ್ಯರೇ ನಿರ್ಧರಿಸಬೇಕು. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಕಂಡರೆ, ಅಂದೇ ಅವರಿಗೆ ತೋರಿಸಿ.