ಸ್ಪೇನ್‌ನ ಹಳೇ ವಿಂಟೇಜ್ ಬ್ರಾಂಡಿ ಕೊಂಡು ಹತ್ತು ವರ್ಷ ಇಟ್ಟರೆ ಒಳ್ಳೆ ಬೆಲೆ ಬರುತ್ತಾ? ಯಾವ ವರ್ಷದ್ದು, ಯಾವ ಕಂಪನಿಯದು ಕೊಳ್ಳಲಿ?

ಹಳೇ ಸಾಮಾನಿನ ಅಂಗಡಿ, ಧೂಳು ಹಿಡಿದ ಬಾಟಲಿ, ಲೇಬಲ್ ಮೇಲೆ ದೊಡ್ಡದಾಗಿ ಒಂದು ಹಳೇ ಇಸವಿ, "ಐವತ್ತರ ದಶಕದ್ದು" ಅನ್ನುವ ಅಂಗಡಿಯವರು. ನೀವು ಬರೆದದ್ದು ಓದುತ್ತಿದ್ದ ಹಾಗೆ ನನಗೆ 2015 ನೆನಪಾಯಿತು. ದಯವಿಟ್ಟು ಇದನ್ನು ಪೂರ್ತಿ ಓದುವವರೆಗೆ ದುಡ್ಡು ಕೊಡಬೇಡಿ.

ಆಗ ನಾನು ಸೆವಿಲ್‌ನಲ್ಲಿ ಕೆಲಸಕ್ಕಿದ್ದೆ. ಆ ವರ್ಷ ಅಪ್ಪನಿಗೆ ಅರವತ್ತು ತುಂಬುವುದಿತ್ತು. ನಮ್ಮದು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ರಾತ್ರಿ ಊಟಕ್ಕೆ ಮುಂಚೆ ಬಿಸಿನೀರಿಗೆ ಒಂದೆರಡು ಮುಚ್ಚಳ ಬ್ರಾಂಡಿ ಹಾಕಿಕೊಂಡು ಕುಡಿಯುವುದು ಅಪ್ಪನಿಗೆ ರೂಢಿ. ನೆಗಡಿಯಾದರೆ ಅಮ್ಮನೇ ತೆಗೆದುಕೊಡುತ್ತಿದ್ದರು. ಅಪ್ಪ ಹುಟ್ಟಿದ ಕಾಲದ ಬ್ರಾಂಡಿಯನ್ನೇ ಅವರ ಕೈಗೆ ಕೊಡಬೇಕು ಅಂತ ನನಗೆ ಆಸೆಯಾಯಿತು. ಒಂದು ಅಂಗಡಿಯಲ್ಲಿ ಅಂಥದ್ದೇ ಬಾಟಲಿ ಸಿಕ್ಕಿತು. ಲೇಬಲ್ ಹಳದಿ ತಿರುಗಿತ್ತು. ಮೇಲೆ ಹದಿನೆಂಟನೇ ಶತಮಾನದ ಒಂದು ಇಸವಿ. ಅದು ಕಂಪನಿ ಶುರುವಾದ ವರ್ಷ, ಒಳಗಿನ ಬ್ರಾಂಡಿ ಮಾತ್ರ 1955ರ ಸುಮಾರಿನದು ಅಂತ ಅಂಗಡಿಯವರು ಹೇಳಿದರು. ನಂಬಿದೆ. ಹೆಚ್ಚುಕಮ್ಮಿ ನನ್ನ ಒಂದು ತಿಂಗಳ ಮನೆ ಬಾಡಿಗೆಯಷ್ಟು ಕೊಟ್ಟೆ.

ಊರಿಗೆ ಹೊರಡುವ ಮುಂಚೆ ಹೆರೆಸ್‌ಗೆ ಹೋಗಿದ್ದೆ. ಸೆವಿಲ್‌ನಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ಸ್ಪೇನ್‌ನ ಬ್ರಾಂಡಿಯ ಬಹುಪಾಲು ಹಣ್ಣಾಗುವುದು ಅಲ್ಲೇ. ಹೆರೆಸ್, ಎಲ್ ಪ್ವೆರ್ತೊ ದೆ ಸಾಂತಾ ಮರೀಯಾ, ಸಾನ್‌ಲೂಕಾರ್, ಈ ಮೂರು ಊರುಗಳಲ್ಲಿ ಮಾಗಿಸಿದ್ದಕ್ಕೆ ಮಾತ್ರ 'ಬ್ರಾಂಡಿ ದೆ ಹೆರೆಸ್' ಎಂಬ ಹೆಸರು. ಅಲ್ಲಿನ ಒಂದು ಬೊದೇಗಾದಲ್ಲಿ, ಅಂದರೆ ಪೀಪಾಯಿಗಳನ್ನಿಡುವ ಆ ಎತ್ತರದ ತಣ್ಣನೆಯ ಕಟ್ಟಡದಲ್ಲಿ, ಊರು ತೋರಿಸುತ್ತಿದ್ದ ಹೆಂಗಸಿಗೆ ನನ್ನ ಬಾಟಲಿಯ ಫೋಟೋ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ. ಅವರು ಹಿಂಬದಿಯ ಲೇಬಲ್ಲಿನ ಫೋಟೋ ದೊಡ್ಡದು ಮಾಡಿ, ಏನೂ ಹೇಳದೆ ಬಾರ್‌ಕೋಡ್ ಮೇಲೆ ಬೆರಳಿಟ್ಟರು.

ನಾನು ಎಡವಿದ ಜಾಗವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವೂ ಅಲ್ಲೇ ನಿಂತಿದ್ದೀರಿ.

ಅಂಗಡಿಯಲ್ಲಿ ಜಗತ್ತಿನ ಮೊದಲ ಬಾರ್‌ಕೋಡ್ ಓದಿದ್ದು 1974ರಲ್ಲಿ, ಅದೂ ಅಮೆರಿಕದಲ್ಲಿ. ಯೂರೋಪಿಗೆ ಬಂದದ್ದು ಆಮೇಲೆ. 1955ರ ಬಾಟಲಿಗೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಇನ್ನು ಅಳತೆ. ನನ್ನದರ ಮೇಲೆ 70 ಸೆಂಟಿಲೀಟರ್ ಅಂತಿತ್ತು. ಅಲ್ಲಿನ ಹಳೇ ಬಾಟಲಿಗಳು ಮುಕ್ಕಾಲು ಲೀಟರ್ ಅಥವಾ ಒಂದು ಲೀಟರಿನವು. ಯೂರೋಪಿನ ಒಕ್ಕೂಟದಲ್ಲಿ 70 ಗಟ್ಟಿಯಾಗಿ ಬೇರೂರಿದ್ದು 1990ರ ದಶಕದ ಆರಂಭದಲ್ಲಿ. ಮೂರನೆಯದು, ಲೇಬಲ್ ಮೇಲೆ 'ಬ್ರಾಂಡಿ ದೆ ಹೆರೆಸ್, ಸೊಲೇರಾ ರೆಸೆರ್ವಾ' ಎಂದು ದರ್ಜೆ ಅಚ್ಚಾಗಿತ್ತು, ಜೊತೆಗೆ ಆ ಹೆಸರನ್ನು ಕಾಯುವ ನಿಯಂತ್ರಣ ಮಂಡಳಿಯ ಮುದ್ರೆ. ಆ ಮಂಡಳಿ ಶುರುವಾದದ್ದೇ 1987ರಲ್ಲಿ! ನಾಲ್ಕನೆಯದು, ಹಳೇ ಬಾಟಲಿಗಳ ಮುಚ್ಚಳದ ಮೇಲೆ ಸರ್ಕಾರದ ಸುಂಕದ ಕಾಗದದ ಪಟ್ಟಿ ಅಂಟಿರುತ್ತದೆ. ಅದರ ಮೇಲೆ ಸೆಂತಿಮೊ ಅಥವಾ ಪೆಸೇಟಾ ಲೆಕ್ಕದಲ್ಲಿ, ಅಂದರೆ ಅಲ್ಲಿನ ಹಳೇ ನಾಣ್ಯದಲ್ಲಿ, ಮೊತ್ತ ಇರುತ್ತದೆ. ನನ್ನದರಲ್ಲಿ ಅದರ ಗುರುತೂ ಇರಲಿಲ್ಲ.

ಅಂದರೆ ನಾನು ಕೊಂಡದ್ದು 1990ರ ದಶಕದ ಸಾಧಾರಣ ಬಾಟಲಿ. ಆಗ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದಂಥದ್ದು. ಬಿಸಿಲಿಗೆ ಲೇಬಲ್ ಮಾಸಿತ್ತು, ಅಷ್ಟೇ. ಅಂಗಡಿಯವರಿಗೆ ನಿಜ ಗೊತ್ತಿತ್ತೋ ಇಲ್ಲವೋ, ಹೇಳಲಾರೆ. ಆದರೆ ಈ ನಾಲ್ಕೂ ಗುರುತು ಗಾಜಿನ ಮೇಲೇ ಇದ್ದವು. ನಾನು ಮುಂದಿನ ಲೇಬಲ್ ಮೇಲಿನ ಇಸವಿ ಬಿಟ್ಟು ಬೇರೆ ಯಾವುದನ್ನೂ ಓದಲಿಲ್ಲ. ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ್ದರೆ ಸಾಕಿತ್ತು. ಒಂದು ನಿಮಿಷದ ಕೆಲಸ. ಅಂಗಡಿಗೆ ಹೋದಾಗ ನೀವು ಮೊದಲು ಹಿಂಬದಿ ನೋಡಿ, ಆಮೇಲೆ ಮುಂಬದಿ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ನೀವು ಯಾವ ವರ್ಷದ ವಿಂಟೇಜ್ ಒಳ್ಳೆಯದು ಅಂತಲೂ ಕೇಳಿದ್ದೀರಿ. ಹೆರೆಸ್‌ನ ಬ್ರಾಂಡಿಯಲ್ಲಿ ಸಾಮಾನ್ಯವಾಗಿ ವರ್ಷ ಅನ್ನುವುದೇ ಇರುವುದಿಲ್ಲ. ಅದನ್ನು ಮಾಗಿಸುವ ಕ್ರಮವೇ ಹಾಗಿದೆ. ಶೆರಿ ಎಂಬ ಅಲ್ಲಿನದೇ ವೈನ್ ತುಂಬಿಟ್ಟು ಹದವಾದ ಅಮೆರಿಕನ್ ಓಕ್ ಪೀಪಾಯಿಗಳನ್ನು ಸಾಲಿನ ಮೇಲೆ ಸಾಲು ಪೇರಿಸಿರುತ್ತಾರೆ. ನೆಲದ ಮೇಲಿನ ಸಾಲು ಸೊಲೇರಾ, ಅದರಲ್ಲಿರುವುದು ಎಲ್ಲಕ್ಕಿಂತ ಹಳೆಯದು. ಬಾಟಲಿಗೆ ತುಂಬಲು ಅದರಿಂದ ಒಂದು ಪಾಲು ಮಾತ್ರ ತೆಗೆಯುತ್ತಾರೆ. ಖಾಲಿಯಾದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ, ಅದಕ್ಕೆ ಇನ್ನೂ ಮೇಲಿನದರಿಂದ. ಹೊಸ ಸರಕು ಸೇರುವುದು ಕಿರಿಯ ಸಾಲಿಗೆ. ಯಾವ ಪೀಪಾಯಿಯೂ ಪೂರ್ತಿ ಬರಿದಾಗುವುದಿಲ್ಲ. ನಮ್ಮ ಮನೆಯ ಮೊಸರಿನ ಹಾಗೆ. ನಿನ್ನೆಯದು ಇವತ್ತಿನದಕ್ಕೆ ಹೆಪ್ಪು, ಇವತ್ತಿನದು ನಾಳೆಗೆ. ನಿಮ್ಮ ಬಟ್ಟಲಿನ ಮೊಸರು ಯಾವ ವರ್ಷದ್ದು ಅಂತ ಕೇಳಿದರೆ ಏನು ಹೇಳುತ್ತೀರಿ?

ಹಾಗಾಗಿ ಅಲ್ಲಿ ವರ್ಷದ ಬದಲು ದರ್ಜೆ ಇದೆ. 'ಸೊಲೇರಾ' ಅಂದರೆ ಕನಿಷ್ಠ 6 ತಿಂಗಳು ಪೀಪಾಯಿಯಲ್ಲಿದ್ದದ್ದು, 'ಸೊಲೇರಾ ರೆಸೆರ್ವಾ' 1 ವರ್ಷ, 'ಸೊಲೇರಾ ಗ್ರಾನ್ ರೆಸೆರ್ವಾ' 3 ವರ್ಷ. ಒಳ್ಳೆಯ ಮನೆತನಗಳು ಇದಕ್ಕಿಂತ ತುಂಬಾ ಜಾಸ್ತಿ ಕಾಲ ಇಡುತ್ತವೆ.

ಇನ್ನೊಂದು ಮಾತು. ಹತ್ತು ವರ್ಷ ಇಡುತ್ತೇನೆ ಅಂದಿರಲ್ಲ, ಯಾಕೆ? ಗಾಜಿನೊಳಗೆ ಬ್ರಾಂಡಿ ಮಾಗುವುದಿಲ್ಲ. ಪೀಪಾಯಿಯಿಂದ ಹೊರಬಂದ ದಿನಕ್ಕೇ ಅದರ ವಯಸ್ಸು ನಿಂತುಹೋಗುತ್ತದೆ. ಮೇಲಾಗಿ ಕಾರ್ಕ್ ಒಣಗಿ ಒಳಗಿನದು ಆರಿ ಕಮ್ಮಿಯಾಗುತ್ತದೆ. ವೈನ್ ತರಹ ಮಲಗಿಸಿಟ್ಟರಂತೂ ಮುಗಿಯಿತು, ಗಾಢವಾದ ಆಲ್ಕೋಹಾಲ್ ಕಾರ್ಕನ್ನೇ ತಿನ್ನುತ್ತದೆ. ಬೆಲೆ ಏರಲಿ ಅಂತ ಬಚ್ಚಿಡುವ ವಸ್ತು ಇದಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಹಳೇ ಬಾಟಲಿಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ಇರುವುದು ಕಂಪನಿ ಯಾರ ಕೈಯಲ್ಲಿದ್ದಾಗ ತುಂಬಿದ ಬಾಟಲಿ ಅನ್ನುವುದರಲ್ಲಿ. ಅದಕ್ಕೇ ಆ ಮನೆತನಗಳ ಕಥೆ ಗೊತ್ತಿರಬೇಕು. ಅವತ್ತಿನ ನಂತರ ನಾನು ಹುಚ್ಚು ಹಿಡಿದವನ ಹಾಗೆ ಓದಿದ್ದು ಅದನ್ನೇ.

ಮೊದಲು ದೊಮೆಕ್. ಆ ವ್ಯಾಪಾರದ ಬೇರು 1730ರಷ್ಟು ಹಿಂದೆ, ಪ್ಯಾಟ್ರಿಕ್ ಮರ್ಫಿ ಎಂಬ ಐರ್ಲೆಂಡಿನವರಲ್ಲಿದೆ. ಅವರಿಂದ ಅದು ನೆರೆಯ ಫ್ರೆಂಚ್ ಮನೆತನ ಔರಿಗೆ ಹೋಯಿತು, ಅಲ್ಲಿಂದ ಪೇದ್ರೊ ದೊಮೆಕ್ ಅವರಿಗೆ ಬಂತು. ಹೆರೆಸ್‌ನಲ್ಲಿ ಎಲ್ಲರೂ ಹೇಳುವ ಕಥೆಯೊಂದಿದೆ. 1850ರ ಸುಮಾರಿಗೆ ಹಾಲೆಂಡಿನಿಂದ 500 ಪೀಪಾಯಿ ವೈನ್ ಸ್ಪಿರಿಟ್‌ಗೆ ಆರ್ಡರ್ ಬಂತಂತೆ. ಕೊಂಡವರು ದುಡ್ಡು ಕಟ್ಟಿ ಒಯ್ಯಲಿಲ್ಲವಂತೆ. ಅದನ್ನು ಶೆರಿ ಇದ್ದ ಪೀಪಾಯಿಗಳಿಗೆ ಸುರಿದು ಮರೆತರು. ಕೆಲವು ವರ್ಷಗಳ ಮೇಲೆ ತೆಗೆದು ನೋಡಿದರೆ ಬಣ್ಣ ಬಂದಿತ್ತು, ಘಮ ಬಂದಿತ್ತು. ಕಥೆ ಎಷ್ಟು ನಿಜವೋ, 1874ರಲ್ಲಿ ಆ ಮನೆತನ 'ಫಂದಾದೋರ್' ಎಂಬ ಹೆಸರಲ್ಲಿ ಬ್ರಾಂಡಿ ಮಾರಲು ಶುರು ಮಾಡಿದ್ದಂತೂ ನಿಜ. ಅದೇ ಕಾಲಕ್ಕೆ ಫ್ರಾನ್ಸ್‌ನ ದ್ರಾಕ್ಷಿ ತೋಟಗಳನ್ನು ಫಿಲಾಕ್ಸೆರಾ ಎಂಬ ಕೀಟ ತಿಂದುಹಾಕುತ್ತಿತ್ತು. ಕೊನ್ಯಾಕ್ ಎಂಬ ಫ್ರಾನ್ಸಿನ ಬ್ರಾಂಡಿ ಸಿಗದ ಗಿರಾಕಿಗಳು ಸ್ಪೇನ್ ಕಡೆ ತಿರುಗಿದರು. ಆ ಕೀಟ 1894ರಲ್ಲಿ ಹೆರೆಸ್‌ಗೂ ಬಂತು. ಅಷ್ಟರಲ್ಲಿ ಬ್ರಾಂಡಿ ಕಾಲೂರಿತ್ತು. ಸ್ಪೇನ್‌ನವರು ಬಹಳ ಕಾಲ ತಮ್ಮ ಲೇಬಲ್ ಮೇಲೂ 'ಕೊನ್ಯಾಕ್' ಅಂತಲೇ ಹಾಕುತ್ತಿದ್ದರು. ಫ್ರಾನ್ಸ್ ತಕರಾರು ಮಾಡಿದ ಮೇಲೆ ಅದು ಹೋಯಿತು. ಸ್ಪೇನ್ ಬಾಟಲಿಯ ಮೇಲೆ ಆ ಹೆಸರು ಕಂಡರೆ ಅದು ಹಳೆಯದೇ ಇರುವ ಸಾಧ್ಯತೆ ಜಾಸ್ತಿ.

ದೊಮೆಕ್ 1994ರಲ್ಲಿ ಬ್ರಿಟನ್ನಿನ ಅಲೈಡ್ ಕಂಪನಿಯ ಪಾಲಾಯಿತು. ಅಲ್ಲಿಂದ ಅಮೆರಿಕದ ಬೀಮ್. ಕೊನೆಗೆ 2016ರಲ್ಲಿ ಫಂದಾದೋರ್ ಅನ್ನು ಫಿಲಿಪ್ಪೀನ್ಸ್‌ನ ಎಂಪೆರಾಡೋರ್ ಕೊಂಡಿತು. ಸ್ಪೇನ್ 1898ರವರೆಗೆ ಆಳಿದ ದ್ವೀಪಗಳಿಂದ ಬಂದ ಕಂಪನಿ ಇವತ್ತು ಸ್ಪೇನ್‌ನ ಮೊದಲ ಬ್ರಾಂಡಿಯ ಒಡೆಯ! ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಟೆರ್ರಿ ಮನೆತನದ ಕಥೆ ಇನ್ನೂ ಉಪಯೋಗದ್ದು. ಮೂಲ ಐರ್ಲೆಂಡ್, ನೆಲೆಸಿದ್ದು ಎಲ್ ಪ್ವೆರ್ತೊದಲ್ಲಿ. ಹಳದಿ ಬಲೆ ಸುತ್ತಿದ 'ಸೆಂತೆನಾರಿಯೊ' ಬಾಟಲಿ ಅವರದು, ಒಳ್ಳೆಯ ಕುದುರೆ ತಳಿಗೂ ಅವರು ಹೆಸರುವಾಸಿ. 1981ರಲ್ಲಿ ರುಮಾಸಾ ಎಂಬ ದೈತ್ಯ ಕಂಪನಿ ಟೆರ್ರಿಯನ್ನು ಕೊಂಡಿತು. 1983ರ ಫೆಬ್ರುವರಿ 23ರಂದು ಸ್ಪೇನ್ ಸರ್ಕಾರ ರುಮಾಸಾವನ್ನೇ ವಶಪಡಿಸಿಕೊಂಡಿತು. ಬ್ಯಾಂಕು, ಹೋಟೆಲು, ಬೊದೇಗಾ ಎಲ್ಲ ಸೇರಿ. ಆಮೇಲೆ ಒಂದೊಂದಾಗಿ ಮಾರಿದರು. 1985ರಲ್ಲಿ ಟೆರ್ರಿ ಬ್ರಿಟನ್ನಿನ ಹಾರ್ವೀಸ್ ಕಂಪನಿಯ ಕೈಗೆ ಹೋಯಿತು, ಕುದುರೆಗಳು ಸರ್ಕಾರದಲ್ಲೇ ಉಳಿದವು. ಲೇಬಲ್ ಮೇಲೆ ಕಂಪನಿಯ ಪೂರ್ತಿ ಹೆಸರು ಓದಿದರೆ ಬಾಟಲಿ ಇದರಲ್ಲಿ ಯಾವ ಕಾಲದ್ದು ಅಂತ ಹಿಡಿಯಬಹುದು. ನನಗೆ ಗೊತ್ತಿರುವ ಹಾಗೆ ಕಾಲ ಪತ್ತೆಹಚ್ಚುವ ಒಳ್ಳೆಯ ದಾರಿ ಇದು.

ಓಸ್ಬಾರ್ನ್ ಕಂಪನಿ 1772ರದು. ಸ್ಪೇನ್ ಹೆದ್ದಾರಿಗಳ ಪಕ್ಕದ ಗುಡ್ಡದ ಮೇಲೆ ನಿಲ್ಲುವ ಆ ದೊಡ್ಡ ಕಪ್ಪು ಗೂಳಿ ನೋಡಿರುತ್ತೀರಿ, ಅಲ್ವಾ? ಅದು ಮೂಲತಃ ಇವರ 'ವೆತೆರಾನೊ' ಬ್ರಾಂಡಿಯ ಜಾಹೀರಾತು. 1956ರಲ್ಲಿ ಮನೋಲೊ ಪ್ರಿಯೇತೊ ಬರೆದ ಚಿತ್ರ. ರಸ್ತೆ ಬದಿ ಜಾಹೀರಾತು ನಿಷೇಧವಾದಾಗ ಗೂಳಿಗಳನ್ನೂ ಕೀಳಬೇಕಾಗಿತ್ತು. ಜನ ಬಿಡಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟೇ ಅವು ಇರಲಿ ಎಂದಿತು. ಗೂಳಿ ಉಳಿಯಿತು, ಆದರೆ ವೆತೆರಾನೊ ಬದಲಾಯಿತು. ಅದರ ಆಲ್ಕೋಹಾಲ್ ಪ್ರಮಾಣವನ್ನು ಶೇಕಡಾ 30ಕ್ಕೆ ಇಳಿಸಿದರು. ಯೂರೋಪಿನ ಕಾನೂನಿನಲ್ಲಿ 36ಕ್ಕಿಂತ ಕಮ್ಮಿ ಇದ್ದರೆ ಬ್ರಾಂಡಿ ಅನ್ನುವಂತಿಲ್ಲ. ಹಾಗಾಗಿ ಹೆಸರು ಅದೇ ಇದ್ದರೂ ಅದು ಕಾಗದದ ಮೇಲೆ ಬ್ರಾಂಡಿಯೇ ಅಲ್ಲ. ಹಳೇ ವೆತೆರಾನೊವನ್ನು ಹುಡುಕಿಕೊಂಡು ಕೊಳ್ಳುವವರ ಕಷ್ಟ ನನಗೆ ಅರ್ಥವಾಗುತ್ತದೆ.

ಯಾವುದು ಕೊಳ್ಳಲಿ ಅಂದಿರಿ. ಹಳೇ ಅಂಗಡಿ ಬಿಡಿ. ಈಗಲೂ ತಯಾರಾಗುತ್ತಿರುವ ಗ್ರಾನ್ ರೆಸೆರ್ವಾ ಕೊಳ್ಳಿ. ಸಾಂಚೆಸ್ ರೊಮಾತೆ ಮನೆತನ 1781ರದು, ಅವರ 'ಕಾರ್ದೆನಾಲ್ ಮೆಂದೋಸಾ' 1887ರಿಂದ ಇದೆ. ಒಣದ್ರಾಕ್ಷಿಯ ಸಿಹಿ ಇಷ್ಟವಿದ್ದರೆ ಅದು. ಸಿಹಿ ಬೇಡ ಅಂದರೆ ಗೊನ್ಸಾಲೆಸ್ ಬ್ಯಾಸ್ ಅವರ 'ಲೆಪಾಂತೊ'. ಹೆರೆಸ್‌ನ ಹೆಚ್ಚಿನ ಬ್ರಾಂಡಿಗೆ ದ್ರಾಕ್ಷಿ ಬರುವುದು ದೂರದ ಲಾ ಮಾಂಚಾದಿಂದ, ಐರೆನ್ ಎಂಬ ತಳಿ. ಭಟ್ಟಿ ಇಳಿಸುವುದೂ ಅಲ್ಲೇ, ತೊಮೆಯೋಸೊ ಊರಿನ ಕಡೆ. ಲೆಪಾಂತೊ ಮಾತ್ರ ಹೆರೆಸ್‌ನದೇ ಪಲೋಮಿನೊ ದ್ರಾಕ್ಷಿಯಿಂದ, ಹೆರೆಸ್‌ನಲ್ಲೇ ಭಟ್ಟಿ ಇಳಿಸಿದ್ದು. ನನಗೆ ಅದೇ ಜಾಸ್ತಿ ಇಷ್ಟ. ಸ್ಪೇನ್ ಈಶಾನ್ಯದ ಕತಲೂನ್ಯಾದ ಕಡೆ ಇದ್ದರೆ ಟೊರೆಸ್ ನೋಡಿ, ಅವರು 1928ರಿಂದ ಬ್ರಾಂಡಿ ಮಾಡುತ್ತಿದ್ದಾರೆ. ಅದು ಹೆರೆಸ್‌ನದಲ್ಲ, ರುಚಿಯೇ ಬೇರೆ.

ಇವ್ಯಾವುದಕ್ಕೂ ನೀವು ಹೇಳಿದ ಬೆಲೆಯ ಅರ್ಧದಷ್ಟೂ ಬೇಕಾಗಿಲ್ಲ. ಊರಿಗೆ ತರುವುದಾದರೆ ಸುಂಕವಿಲ್ಲದೆ 2 ಲೀಟರ್ ತನಕ ತರಬಹುದು, ಅಂದರೆ ಎರಡು ಬಾಟಲಿ ಆರಾಮಾಗಿ ಆಗುತ್ತದೆ. ಮನೆಯಲ್ಲಿ ಮೊದಲೇ ಒಂದು ಮಾತು ಹೇಳಿ. ನಮ್ಮಲ್ಲಿ ಬ್ರಾಂಡಿ ಅಂತ ಸಿಗುವುದರಲ್ಲಿ ಹೆಚ್ಚಿನದಕ್ಕೆ ಕಬ್ಬಿನ ಕಾಕಂಬಿಯ ಸ್ಪಿರಿಟ್ ಬೆರೆತಿರುತ್ತದೆ. ಇದು ಪೂರ್ತಿ ದ್ರಾಕ್ಷಿಯದು. ಬಿಸಿನೀರು ಬೆರೆಸದೆ, ಸಣ್ಣ ಗ್ಲಾಸಿನಲ್ಲಿ, ಅಂಗೈ ಬಿಸಿಗೆ ಹಿಡಿದು ನಿಧಾನವಾಗಿ ಕುಡಿಯಲು ಹೇಳಿ.

ಅಪ್ಪನ ಅರವತ್ತಕ್ಕೆ ನಾನು ಕೊನೆಗೆ ಒಯ್ದದ್ದು ಲೆಪಾಂತೊ. ಆ ಇನ್ನೊಂದು ಬಾಟಲಿ ಸೆವಿಲ್‌ನ ಗೆಳೆಯರ ಜೊತೆ ಕಾಫಿಗೆ ಬೆರೆಸಿ ಮುಗಿಸಿದೆವು. ಅಲ್ಲಿನವರು ಬೆಳಗ್ಗೆ ಕುಡಿಯುವ ಕರಾಹಿಯೊ ಅಂದರೆ ಅದೇ, ಕಾಫಿಗೆ ಬ್ರಾಂಡಿ.

ಇಷ್ಟು ಹೇಳಿದ ಮೇಲೂ ನಿಮಗೆ ಆ ಬಾಟಲಿಯೇ ಬೇಕು ಅನಿಸಿದರೆ, ದುಡ್ಡು ಕೊಡುವ ಮುಂಚೆ ಹಿಂಬದಿ ಲೇಬಲ್, ಮುಚ್ಚಳ, ಕತ್ತಿನ ಹತ್ತಿರ ದ್ರವದ ಮಟ್ಟ, ಈ ಮೂರರ ಫೋಟೋ ಇಲ್ಲಿ ಹಾಕಿ. ಯಾವ ಕಾಲದ್ದು ಅಂತ ನೋಡಿ ಹೇಳುತ್ತೇನೆ.