ಒಂದೇ ಲಾಗ್ ಸಾಲು ಎರಡೆರಡು ಸಲ ಏಕೆ ಬರುತ್ತದೆ?

ಪ್ರಶ್ನೆ: ನಮ್ಮ ಪೈಥಾನ್ ಆ್ಯಪ್‌ನಲ್ಲಿ ಪ್ರತಿ ಲಾಗ್ ಸಾಲೂ ಎರಡು ಸಲ ಬೀಳುತ್ತಿದೆ. ಲಾಗರ್‌ನ ಹ್ಯಾಂಡ್ಲರ್‌ಗಳನ್ನೆಲ್ಲ (ಸಂದೇಶವನ್ನು ಪರದೆಗೋ ಫೈಲ್‌ಗೋ ಬರೆಯುವ ಭಾಗಗಳು) ಕ್ಲಿಯರ್ ಮಾಡಿದರೆ ನಿಲ್ಲುತ್ತದೆ ಎಂದು ಎಲ್ಲೋ ಓದಿದೆ. ಹಾಗೇ ಬಿಡಬಹುದೇ?

ಬಿಡಬೇಡಿ. ತಿಂಗಳು ತಿಂಗಳೂ ಈ ಪ್ರಶ್ನೆ ಬರುತ್ತದೆ, ಜೊತೆಗೆ ಇದೇ ನಾಟಿ ಮದ್ದೂ ಬರುತ್ತದೆ. ಕ್ಲಿಯರ್ ಮಾಡಿದಾಗ ಬೇರೆಯವರು ಸೇರಿಸಿಟ್ಟ ಫೈಲ್ ಹ್ಯಾಂಡ್ಲರ್ ಕೂಡ ಹೋಗುತ್ತದೆ. ಅದು ಗೊತ್ತಾಗುವುದು ಸರ್ವರ್ ಬಿದ್ದು, ಲಾಗ್ ಹುಡುಕುವ ದಿನ.

ಮೊದಲು ಎರಡೂ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ನಿಮ್ಮ ಫಾರ್ಮ್ಯಾಟ್, ಇನ್ನೊಂದರಲ್ಲಿ ಬರೀ 'ಇನ್ಫೋ:ಹೆಸರು:ಸಂದೇಶ' ಇದ್ದರೆ ಅದು ಪ್ರೊಪಗೇಟ್ ಸಮಸ್ಯೆ, ಅಂದರೆ ಸಂದೇಶ ನಿಮ್ಮ ಲಾಗರ್‌ನಿಂದ ಎಲ್ಲಕ್ಕೂ ಮೇಲಿರುವ ರೂಟ್ ಲಾಗರ್‌ವರೆಗೂ ಏರುವುದು. ನಿಮ್ಮ ಲಾಗರ್‌ಗೊಂದು, ರೂಟ್‌ಗೊಂದು ಹ್ಯಾಂಡ್ಲರ್ ಇದೆ. ಸಂದೇಶ ಎರಡಕ್ಕೂ ಹೋಗುತ್ತಿದೆ. ರೂಟ್‌ನ ಲೆವೆಲ್ ಏರಿಸಿದರೆ ನಿಲ್ಲುತ್ತದೆ ಎಂಬುದು ಸುಳ್ಳು. ಕೆಳಗಿನಿಂದ ಮೇಲೆ ಹೋಗುವ ಸಂದೇಶಕ್ಕೆ ರೂಟ್ ಲಾಗರ್‌ನ ಲೆವೆಲ್ ಲೆಕ್ಕಕ್ಕಿಲ್ಲ, ಅದರ ಹ್ಯಾಂಡ್ಲರ್‌ನ ಲೆವೆಲ್ ಮಾತ್ರ ಲೆಕ್ಕ.

ಎರಡು ಸಾಲೂ ತದ್ರೂಪವಾಗಿದ್ದು, ಹೊತ್ತು ಹೋದಂತೆ ಮೂರು, ನಾಲ್ಕು ಆಗುತ್ತಿದ್ದರೆ ಕಾರಣ ಬೇರೆ: ಹ್ಯಾಂಡ್ಲರ್ ಸೇರಿಸುವ ಆಡ್‌ಹ್ಯಾಂಡ್ಲರ್ ಸಾಲು ಮತ್ತೆ ಮತ್ತೆ ಓಡುವ ಫಂಕ್ಷನ್‌ನೊಳಗೆ ಇದೆ. ಒಂದೇ ಹೆಸರು ಕೊಟ್ಟರೆ ಗೆಟ್‌ಲಾಗರ್ ಪ್ರತಿ ಸಲವೂ ಅದೇ ಲಾಗರನ್ನು ಕೊಡುತ್ತದೆ. ಹಾಗಾಗಿ ಪ್ರತಿ ರಿಕ್ವೆಸ್ಟ್‌ಗೂ ಅದರ ಮೇಲೆ ಇನ್ನೊಂದು ಹ್ಯಾಂಡ್ಲರ್ ಸೇರುತ್ತಾ ಹೋಗುತ್ತದೆ. ಜಾಂಗೋದ ರನ್‌ಸರ್ವರ್‌ನಲ್ಲಿ ಶುರುವಿನ ಸಾಲುಗಳಷ್ಟೇ ಎರಡು ಸಲ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಕೋಡ್ ಬದಲಾದಾಗ ಸರ್ವರನ್ನು ಮತ್ತೆ ಶುರು ಮಾಡುವ ರೀಲೋಡರ್‌ನಿಂದಾಗಿ ಎರಡು ಪ್ರೋಸೆಸ್ ಓಡುತ್ತಿರುತ್ತವೆ.

ಮದ್ದು ಎರಡಕ್ಕೂ ಒಂದೇ. ಹ್ಯಾಂಡ್ಲರ್‌ಗಳನ್ನು ರೂಟ್‌ಗೆ ಮಾತ್ರ, ಆ್ಯಪ್ ಶುರುವಾಗುವ ಜಾಗದಲ್ಲಿ, ಒಂದೇ ಸಲ ಸೇರಿಸಿ. ಉಳಿದ ಮಾಡ್ಯೂಲ್‌ಗಳಲ್ಲಿ ಗೆಟ್‌ಲಾಗರ್ ಒಂದೇ ಸಾಲು ಸಾಕು. ಪ್ರೊಪಗೇಟ್ ಅನ್ನು ಫಾಲ್ಸ್ ಮಾಡಿದರೂ ಮೊದಲನೆಯ ಕಾಯಿಲೆ ನಿಲ್ಲುತ್ತದೆ, ಆದರೆ ಟೆಸ್ಟ್ ಓಡಿಸುವಾಗ ಲಾಗ್ ಹಿಡಿದುಕೊಡುವ ಪೈಟೆಸ್ಟ್‌ನ ಕ್ಯಾಪ್‌ಲಾಗ್‌ಗೆ ಆ ಸಂದೇಶಗಳು ಸಿಗುವುದಿಲ್ಲ. ನಾನಂತೂ ಆ ದಾರಿ ಹೇಳುವುದಿಲ್ಲ.

ಪ್ರಶ್ನೆ: ಬೇಸಿಕ್‌ಕಾನ್ಫಿಗ್‌ನಲ್ಲಿ ಇನ್ಫೋ ಲೆವೆಲ್ ಕೊಟ್ಟರೂ ಏನೂ ಬದಲಾಗುತ್ತಿಲ್ಲ.

ರೂಟ್‌ಗೆ ಆಗಲೇ ಹ್ಯಾಂಡ್ಲರ್ ಇದ್ದರೆ ಬೇಸಿಕ್‌ಕಾನ್ಫಿಗ್ ಸುಮ್ಮನಿರುತ್ತದೆ. ಎಲ್ಲಕ್ಕಿಂತ ಮೊದಲು ಕರೆಯಿರಿ.

ಪ್ರಶ್ನೆ: ಡಿಕ್ಟ್‌ಕಾನ್ಫಿಗ್ ಹಾಕಿದ ಮೇಲೆ ಕೆಲವು ಮಾಡ್ಯೂಲ್‌ಗಳ ಲಾಗ್ ನಿಂತುಹೋಯಿತು.

ಅದರಲ್ಲಿ ಮೊದಲೇ ಇದ್ದ ಲಾಗರ್‌ಗಳನ್ನು ನಿಲ್ಲಿಸುವ ಡಿಸೇಬಲ್ ಎಕ್ಸಿಸ್ಟಿಂಗ್ ಲಾಗರ್ಸ್ ತಾನಾಗಿಯೇ ಟ್ರೂ ಇರುತ್ತದೆ. ಫಾಲ್ಸ್ ಮಾಡಿ.

ಪ್ರಶ್ನೆ: ರೊಟೇಟಿಂಗ್ ಫೈಲ್ ಹ್ಯಾಂಡ್ಲರ್‌ಗೆ 10 ಎಂಬಿ ಮಿತಿ ಕೊಟ್ಟಿದ್ದೇನೆ, ಫೈಲ್ ಬೆಳೆಯುತ್ತಲೇ ಇದೆ.

ಎಷ್ಟು ಹಳೆಯ ಫೈಲ್ ಉಳಿಸಬೇಕು ಎನ್ನುವ ಬ್ಯಾಕಪ್‌ಕೌಂಟ್ 0 ಇದ್ದರೆ ರೊಟೇಶನ್ ಆಗುವುದೇ ಇಲ್ಲ. 5 ಕೊಡಿ.

ಪ್ರಶ್ನೆ: ಡಿಬಗ್ ಲೆವೆಲ್‌ನಲ್ಲಿ ಮಾತ್ರ ಒಟಿಪಿ ಬರೆದುಕೊಂಡರೆ ತಪ್ಪೇ?

ತಪ್ಪೇ. ಪ್ರೊಡಕ್ಷನ್‌ನಲ್ಲಿ ಯಾರೋ ಒಂದು ರಾತ್ರಿ ಡಿಬಗ್ ಆನ್ ಮಾಡುತ್ತಾರೆ, ಗ್ರಾಹಕರ ಒಟಿಪಿಗಳೆಲ್ಲ ಫೈಲ್‌ನಲ್ಲಿ ಕೂರುತ್ತವೆ. ಆ ಸಾಲನ್ನು ಇವತ್ತೇ ಅಳಿಸಿ.